ಕೊನೆಕೊಯ್ಲಿನ ಹೊತ್ತಿಗೆ ಡೆಮೊ ಡೇ

ಅಕ್ಸೆಲರೇಟರ್ ಮಾತು ಬಂದಾಗ ಸ್ಟಾರ್ಟಪ್ ಮಂದಿ ಕೇಳುವುದು ಎರಡೇ ಪ್ರಶ್ನೆ: ಎಷ್ಟು ಕೊಡ್ತಾರೆ, ಎಷ್ಟು ಪರ್ಸೆಂಟ್ ತಗೋತಾರೆ. ಶಿರಸಿಯಲ್ಲಿ ಕೂತು ಅಡಿಕೆ ವಿಂಗಡಿಸುವ ಯಂತ್ರ ಮಾಡುತ್ತಿರುವ ನಾನು ಈ ಎರಡಕ್ಕೂ ಮೊದಲು ಇನ್ನೊಂದನ್ನು ಕೇಳುತ್ತೇನೆ: ಯಾವ ತಿಂಗಳು? ಬೆಂಗಳೂರಿನ ಗೆಳೆಯರಿಗೆ ಇದು ತಮಾಷೆ. ಅವರ ಗಿರಾಕಿ ಜನವರಿಯಲ್ಲೂ ಸಿಗುತ್ತಾನೆ, ಜುಲೈಯಲ್ಲೂ ಸಿಗುತ್ತಾನೆ. ನನ್ನ ಗಿರಾಕಿಯ ವರ್ಷ ಶುರುವಾಗುವುದೇ ಕೊನೆಕೊಯ್ಲಿನಿಂದ, ಅಂದರೆ ಅಡಿಕೆಗೊನೆ ಇಳಿಸುವಲ್ಲಿಂದ.

ಸ್ವಲ್ಪ ಹಿನ್ನೆಲೆ ಹೇಳಬೇಕು. ನಮ್ಮ ಕಡೆ ಹಸಿಯಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಿದರೆ ಕೆಂಪಡಿಕೆ. ಮರದಲ್ಲೇ ಹಣ್ಣಾಗಲು ಬಿಟ್ಟು, ಸಿಪ್ಪೆಸಹಿತ ಅಂಗಳದಲ್ಲಿ ಒಣಗಿಸಿ ಆಮೇಲೆ ಸುಲಿದರೆ ಚಾಲಿ. ಶಿರಸಿಯ ಟೆಂಡರಿನಲ್ಲಿ ಚಾಲಿ, ರಾಶಿ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಕೋಕಾ ಎಂದು ಒಂದೊಂದಕ್ಕೂ ಒಂದೊಂದು ದರ. ಬೇರ್ಪಡಿಸುವ ಕೆಲಸ ಇವತ್ತಿಗೂ ಬಹುಪಾಲು ಹೆಂಗಸರ ಕಣ್ಣು ಮತ್ತು ಕೈಯಿಂದಲೇ ಆಗುತ್ತದೆ. ವಕಾರಿಗಳಲ್ಲಿ, ಅಂದರೆ ಅಡಿಕೆ ವ್ಯಾಪಾರಿಗಳ ಮಳಿಗೆಗಳಲ್ಲಿ, ಕೂತು ಆರಿಸುವ ಅಂಥ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಹಾಗಾಗಿ ನಾನು ಮತ್ತು ಹುಬ್ಬಳ್ಳಿಯ ಮೆಕ್ಯಾನಿಕಲ್ ಎಂಜಿನಿಯರ್ ಗೆಳತಿಯೊಬ್ಬಳು ಸೇರಿ ಈ ಯಂತ್ರಕ್ಕೆ ಕೈಹಾಕಿದೆವು. ಒಂದು ಬೆಲ್ಟು, ಮೇಲೊಂದು ಕ್ಯಾಮೆರಾ, ಪಕ್ಕದಲ್ಲಿ ಗಾಳಿ ಊದುವ ನಳಿಕೆಗಳು. ಕ್ಯಾಮೆರಾ ಕಂಡ ಅಡಿಕೆ ಯಾವ ದರ್ಜೆಯದೆಂದು ಕಂಪ್ಯೂಟರು ಗುರುತಿಸುತ್ತದೆ, ನಳಿಕೆ ಅದನ್ನು ಅದರ ಡಬ್ಬಿಗೆ ಊದಿ ತಳ್ಳುತ್ತದೆ. ಹೇಳುವುದಕ್ಕೆ ಇಷ್ಟೇ. ವಕಾರಿಯ ದೂಳಿನಲ್ಲಿ, ಕರೆಂಟು ಏರಿಳಿಯುವ ಜಾಗದಲ್ಲಿ, ಒಂದೊಂದು ತೋಟದ ಅಡಿಕೆಗೆ ಒಂದೊಂದು ಬಣ್ಣ ಇರುವಾಗ ಯಜಮಾನರು ನಂಬುವ ಹಾಗೆ ಇದನ್ನು ಓಡಿಸುವುದೇ ನಮ್ಮ ಕಂಪನಿಯ ಪೂರಾ ಕೆಲಸ.

ಅದಕ್ಕೆ ಅಡಿಕೆ ಬೇಕು, ಅದೂ ಆ ವರ್ಷದ ಹೊಸ ಅಡಿಕೆ. ಕೆಂಪಡಿಕೆ ಕೊಯ್ಲಿನ ಬೆನ್ನಿಗೇ, ಚಳಿಗಾಲದಲ್ಲಿ ಬರುತ್ತದೆ. ಚಾಲಿಗೆ ಒಂದೂವರೆ ತಿಂಗಳಿನ ಬಿಸಿಲು ಬೇಕು. ಅದು ಸುಲಿದು ಮಾರುಕಟ್ಟೆ ಮುಟ್ಟುವಾಗ ಬೇಸಿಗೆ. ಅಂದರೆ ಡಿಸೆಂಬರಿನಿಂದ ಮೇ ತನಕ ವಕಾರಿಯಲ್ಲಿ ಇಲ್ಲದವನಿಗೆ ಆ ವರ್ಷ ಕಲಿಯಲು ಏನೂ ಉಳಿಯುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ತೋಟದವರಿಗೆ ಕೊಳೆರೋಗದ ಚಿಂತೆ, ಬೋರ್ಡೋ ಹೊಡೆಸುವ ಗಡಿಬಿಡಿ. ಆಗ ಯಂತ್ರದ ಮಾತು ಎತ್ತಿದರೆ ಚಹಾ ಕೊಟ್ಟು ಕಳಿಸುತ್ತಾರೆ.

ಅಕ್ಸೆಲರೇಟರ್ ಎಂಬ ಏರ್ಪಾಡು ಬೆಳೆದದ್ದು ಬೇರೆಯದೇ ಗಿರಾಕಿಯನ್ನು ನೋಡಿಕೊಂಡು. 2005ರಲ್ಲಿ ಅಮೆರಿಕದ ಕೇಂಬ್ರಿಜ್‌ನಲ್ಲಿ ಪಾಲ್ ಗ್ರಹಾಂ, ಜೆಸ್ಸಿಕಾ ಲಿವಿಂಗ್‌ಸ್ಟನ್ ಮತ್ತು ಇಬ್ಬರು ಜೊತೆಗಾರರು ವೈ ಕಾಂಬಿನೇಟರ್ (ವೈಸಿ) ಶುರುಮಾಡಿದಾಗ ಮೊದಲ ಬ್ಯಾಚು ನಡೆದದ್ದು ಅಲ್ಲಿನ ಬೇಸಿಗೆಯಲ್ಲಿ. ರೆಡಿಟ್ ಅದೇ ಬ್ಯಾಚಿನದು. ಮರುವರ್ಷ ಕೊಲರಾಡೋದ ಬೋಲ್ಡರ್‌ನಲ್ಲಿ ಟೆಕ್‌ಸ್ಟಾರ್ಸ್ ಹುಟ್ಟಿತು. ಒಂದಷ್ಟು ತಂಡಗಳನ್ನು ಒಟ್ಟಿಗೆ ಸೇರಿಸಿಕೊಂಡು, ಚಿಕ್ಕ ಮೊತ್ತ ಕೊಟ್ಟು ಚಿಕ್ಕ ಪಾಲು ಪಡೆದು, ಸುಮಾರು ಮೂರು ತಿಂಗಳು ಬೆನ್ನು ಹತ್ತಿ ಕೆಲಸ ಮಾಡಿಸಿ, ಕೊನೆಗೆ ಡೆಮೊ ಡೇ ದಿನ ಹೂಡಿಕೆದಾರರ ಮುಂದೆ ನಿಲ್ಲಿಸುವ ಕ್ರಮವನ್ನು ಜಗತ್ತಿನ ಬಹುತೇಕ ಅಕ್ಸೆಲರೇಟರುಗಳು ಆಮೇಲೆ ಅನುಸರಿಸಿದವು. ಮೂರು ತಿಂಗಳೆಂಬುದು ಸಾಫ್ಟ್‌ವೇರಿಗೆ ಹೊಂದುವ ಅಳತೆ. ರಾತ್ರಿ ತಿದ್ದಿದ್ದನ್ನು ಬೆಳಿಗ್ಗೆ ಜನ ಬಳಸುತ್ತಾರೆ, ಸಂಜೆಯೊಳಗೆ ತಪ್ಪು ಕಾಣುತ್ತದೆ. ನಮ್ಮಲ್ಲಿ ನಳಿಕೆಯ ಕೋನ ಒಂಚೂರು ತಿರುಗಿಸಬೇಕಾದರೂ ಹುಬ್ಬಳ್ಳಿಯ ಗೋಕುಲ ರಸ್ತೆಯ ವರ್ಕ್‌ಶಾಪಿನ ತನಕ ಹೋಗಿ ಬರಬೇಕು.

ನಾವು ಅಕ್ಸೆಲರೇಟರ್ ಆರಿಸಲು ಹೊರಟಾಗ ನಮ್ಮೆದುರು ಇದ್ದ ದಾರಿಗಳು ಇವು. ಬೆಂಗಳೂರಿನ ಒಂದು ಖಾಸಗಿ ಅಕ್ಸೆಲರೇಟರ್ ನಮ್ಮನ್ನು ಆರಿಸಿ ಟರ್ಮ್ ಶೀಟ್ ಕಳಿಸಿತ್ತು. ಒಂದು ದೊಡ್ಡ ಕೃಷಿ ಉದ್ಯಮದ ಅಕ್ಸೆಲರೇಟರ್ ದುಡ್ಡು ಕೊಡುವುದಿಲ್ಲ, ತನ್ನ ಗೋದಾಮಿನಲ್ಲಿ ಪೈಲಟ್ ಮಾಡಲು ಬಿಡುತ್ತೇನೆ ಎಂದಿತ್ತು. ಹುಬ್ಬಳ್ಳಿಯ ಕಡೆಯ ಒಂದು ಇನ್‌ಕ್ಯುಬೇಟರ್ ಸರ್ಕಾರಿ ಅನುದಾನದ ಅರ್ಜಿ ಹಾಕಿಸಲು ತಯಾರಿತ್ತು. ಇವೆಲ್ಲದರ ಮೇಲೆ, ಸಿಕ್ಕಿದವರೆಲ್ಲ "ವೈಸಿಗೆ ಯಾಕೆ ಹಾಕಿಲ್ಲ?" ಎಂದು ಕೇಳುತ್ತಿದ್ದರು.

ಮೊದಲು ಬೆಂಗಳೂರಿನದು. 20 ಲಕ್ಷ ರೂಪಾಯಿಗೆ 8 ಪರ್ಸೆಂಟ್ ಪಾಲು. ಲೆಕ್ಕ ಹಾಕಿದರೆ ಕಂಪನಿಗೆ ಎರಡೂವರೆ ಕೋಟಿ ಬೆಲೆ ಕಟ್ಟಿದ ಹಾಗೆ. ಆ ಹಂತದಲ್ಲಿ ತೀರಾ ಕೆಟ್ಟದ್ದೇನಲ್ಲ ಅನ್ನಿಸಿತು. ಒಳಪುಟದಲ್ಲಿ "ಪ್ರೋಗ್ರಾಂ ಫೀ" ಎಂದು 5 ಲಕ್ಷ ಇತ್ತು, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಕೊಟ್ಟ ದುಡ್ಡಿನಿಂದಲೇ 5.9 ಲಕ್ಷ ವಾಪಸು ಹೋದರೆ ನಮಗೆ ಉಳಿಯುವುದು 14.1 ಲಕ್ಷ. ಕಟ್ಟಿದ ಜಿಎಸ್‌ಟಿಯನ್ನು ಮುಂದೆ ನಮ್ಮ ಮಾರಾಟದ ತೆರಿಗೆಗೆ ಹೊಂದಿಸಿಕೊಳ್ಳಬಹುದು ಎಂದು ಅವರ ಕಡೆಯವರು ಸಮಾಧಾನ ಹೇಳಿದರು. ಮಾರಾಟವೇ ಶುರುವಾಗದ ಕಂಪನಿಗೆ ಆ ಸಮಾಧಾನ ಲೆಕ್ಕದ ಪುಸ್ತಕದಲ್ಲೇ ಕೂತಿರುತ್ತದೆ. 14.1 ಲಕ್ಷಕ್ಕೆ 8 ಪರ್ಸೆಂಟ್ ಎಂದರೆ ಕಂಪನಿಯ ಬೆಲೆ 1.76 ಕೋಟಿಗೆ ಇಳಿಯಿತು. ಇನ್ನೊಂದು ಕಲಮಿನಲ್ಲಿ, ಮುಂದಿನ ದೊಡ್ಡ ಹೂಡಿಕೆ ಬರುವ ತನಕ ಅವರ 8 ಪರ್ಸೆಂಟ್ ಕರಗಬಾರದು ಎಂದಿತ್ತು. ನಾವು ನೌಕರರಿಗಾಗಿ 10 ಪರ್ಸೆಂಟ್ ಷೇರು ತೆಗೆದಿಟ್ಟೆವು ಎನ್ನಿ. ಸಾಮಾನ್ಯ ಕ್ರಮದಲ್ಲಿ ಎಲ್ಲರ ಪಾಲೂ ಅಷ್ಟಷ್ಟು ಇಳಿಯಬೇಕು. ಇಲ್ಲಿ ಅವರದು 8 ಹಾಗೇ ನಿಂತು ನಮ್ಮ 92 ನೇರ 82ಕ್ಕೆ ಬರುತ್ತದೆ. ಪರ್ಸೆಂಟ್ ಎಷ್ಟು ಎಂದು ಕೇಳಿ ಸುಮ್ಮನಾದವರಿಗೆ ಈ ಎರಡು ಕಲಮುಗಳು ಕಾಣುವುದೇ ಇಲ್ಲ.

ಷೇರು ವೆಸ್ಟಿಂಗ್ ಕಲಮೂ ಇತ್ತು. ಸ್ಥಾಪಕರ ಷೇರು ನಾಲ್ಕು ವರ್ಷಗಳಲ್ಲಿ ಸ್ವಲ್ಪಸ್ವಲ್ಪವಾಗಿ ನಮ್ಮದಾಗಬೇಕು, ಮೊದಲ ವರ್ಷದೊಳಗೆ ಬಿಟ್ಟುಹೋದವರಿಗೆ ಏನೂ ಇಲ್ಲ. ಇದರಲ್ಲಿ ನನಗೆ ತಕರಾರಿಲ್ಲ. ಇಬ್ಬರ ನಡುವೆ ಇಂಥ ಕರಾರು ಇರಲೇಬೇಕು. ಕೋ-ಫೌಂಡರ್ ಒಂದೇ ಮಾತು ಕೇಳಿದಳು: "ಇಲ್ಲೀತನಕ ದುಡದದ್ದು ಲೆಕ್ಕಕ್ಕ ಇಲ್ಲೇನು?" ಅವರು ಗಡಿಯಾರವನ್ನು ಸಹಿ ಹಾಕಿದ ದಿನದಿಂದ ಶುರುಮಾಡಿದ್ದರು. ಹಿಂದಿನ ದುಡಿಮೆಗೆ ಒಂದಷ್ಟು ಭಾಗ ಬಿಟ್ಟುಕೊಡಿ ಎಂದು ಬರೆದೆವು, ಒಪ್ಪಿದರು. ಕೇಳಿದರೆ ಬದಲಾಗುವ ಕಲಮುಗಳು ಇರುತ್ತವೆ. ಫೀ ಕಲಮು ಮಾತ್ರ ಕದಲಲಿಲ್ಲ.

ಸಹಿಗೆ ಮೊದಲು ಆ ಅಕ್ಸೆಲರೇಟರಿನ ಹಳೆಯ ಬ್ಯಾಚಿನವರನ್ನು ಮಾತಾಡಿಸುವುದೆಂದು ನಿರ್ಧರಿಸಿದೆವು. ಮಾತಾಡಲು ಯಾರು ಸಿಗಬಹುದು ಎಂದು ಕೇಳಿದರೆ ಅವರೇ ಕೆಲವು ಹೆಸರು ಕೊಟ್ಟರು. ಅವರೆಲ್ಲ ಒಳ್ಳೆಯದನ್ನೇ ಹೇಳಿದರು, ಹೇಳಲೇಬೇಕಲ್ಲ. ಇಲ್ಲಿ ನನ್ನ ನೆರವಿಗೆ ಬಂದದ್ದು ಅಪ್ಪನ ಕಾಲದಿಂದ ನಮ್ಮ ಮನೆಯ ಲೆಕ್ಕ ನೋಡುವ ಸಿಎ. "ಹುಡುಗರು ಬಾಯಲ್ಲಿ ಏನೇ ಹೇಳಲಿ, ಕಾಗದ ಎಂಸಿಎದಲ್ಲಿ ಇರ್ತದೆ, ಅಲ್ಲಿ ನೋಡು" ಎಂದರು. ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಯಾವ ಕಂಪನಿಯ ಹೆಸರು ಹಾಕಿದರೂ ಮಾಸ್ಟರ್ ಡೇಟಾ ಪುಕ್ಕಟೆ ಸಿಗುತ್ತದೆ: ಯಾವಾಗ ನೋಂದಣಿಯಾಯಿತು, ಬಂಡವಾಳ ಎಷ್ಟು, ಈಗ ಆಕ್ಟಿವ್ ಇದೆಯೋ ಸ್ಟ್ರೈಕ್ ಆಫ್ ಆಗಿದೆಯೋ. 100 ರೂಪಾಯಿ ಕಟ್ಟಿದರೆ ಕಂಪನಿ ಸಲ್ಲಿಸಿದ ಕಾಗದಗಳನ್ನೇ ತೆರೆದು ನೋಡಬಹುದು. ಅದರಲ್ಲಿ ಪಿಎಎಸ್-3 ಎಂಬ ಫಾರಂ ಷೇರು ಹಂಚಿಕೆಯ ವರದಿ. ಯಾರಿಗೆ ಎಷ್ಟು ಷೇರು, ಯಾವ ದರಕ್ಕೆ, ಯಾವ ತಾರೀಕು ಎಂದು ಅದರಲ್ಲಿರುತ್ತದೆ. ಖಾಸಗಿ ಹಂಚಿಕೆಯಲ್ಲಿ ಬಂದ ಹಣವನ್ನು ಷೇರು ಹಂಚಿ ಈ ಫಾರಂ ಸಲ್ಲಿಸುವ ತನಕ ಕಂಪನಿ ಮುಟ್ಟುವಂತಿಲ್ಲ. ಹಂಚಿದ 15 ದಿನದೊಳಗೆ ಸಲ್ಲಿಸಬೇಕೆಂಬುದು ಕಾನೂನು. ಹಾಗಾಗಿ ಆ ತಾರೀಕು ನೋಡಿದರೆ ಅಕ್ಸೆಲರೇಟರಿನ ದುಡ್ಡು ಆ ತಂಡದ ಉಪಯೋಗಕ್ಕೆ ಯಾವಾಗ ಬಂತೆಂದು ತಿಳಿಯುತ್ತದೆ.

ಹಳೆಯ ಬ್ಯಾಚುಗಳ ಪಟ್ಟಿ ಹಿಡಿದು ಒಂದೊಂದೇ ಕಂಪನಿ ತೆರೆಯುತ್ತ ಹೋದೆ. ಒಂದು ರಾತ್ರಿಯ ಕೆಲಸ, ಕೆಲವು ನೂರು ರೂಪಾಯಿ ಖರ್ಚು. ನಾನು ಓದಿದ ಯಾವ ಮಾರ್ಗದರ್ಶಿ ಲೇಖನವೂ ಇಷ್ಟು ಕಲಿಸಿಲ್ಲ. ಕೆಲವರಿಗೆ ದುಡ್ಡು ಸೇರಿದ್ದು ಡೆಮೊ ಡೇ ಕಳೆದು ಬಹಳ ಸಮಯದ ಮೇಲೆ. ಒಂದೇ ಬ್ಯಾಚಿನಲ್ಲಿ ಎಲ್ಲರಿಗೂ ಒಂದೇ ಷರತ್ತು ಎಂದು ನಮಗೆ ಹೇಳಿದ್ದರು, ದರಗಳು ಹಾಗಿರಲಿಲ್ಲ. ಡೆಮೊ ಡೇಯಿಂದ ನಿಜಕ್ಕೂ ಏನಾದರೂ ಬಂತೇ ಎಂದು ನೋಡಲು ವಾರ್ಷಿಕ ರಿಟರ್ನ್, ಅಂದರೆ ಎಂಜಿಟಿ-7 ಅಥವಾ ಸಣ್ಣ ಕಂಪನಿಗಳ ಎಂಜಿಟಿ-7ಎ, ತೆರೆಯಬೇಕು. ಅದರ ಜೊತೆಗಿರುವ ಷೇರುದಾರರ ಪಟ್ಟಿಯಲ್ಲಿ ಮರುವರ್ಷ ಹೊಸ ಹೆಸರು ಸೇರಿದ್ದರೆ ಯಾರೋ ಹೂಡಿದ್ದಾರೆ ಎಂದರ್ಥ. ಹೊಸ ಹೆಸರು ಕಂಡ ಕಂಪನಿಗಳಲ್ಲಿ ಹೆಚ್ಚಿನವು ಸಾಫ್ಟ್‌ವೇರಿನವು. ಯಂತ್ರ ಮಾಡುವವರ ಪಟ್ಟಿ ಇದ್ದ ಹಾಗೇ ಇತ್ತು.

ಸ್ಟ್ರೈಕ್ ಆಫ್ ಆದ ಕಂಪನಿಗಳ ಸ್ಥಾಪಕರನ್ನು ಹುಡುಕಿ ಫೋನ್ ಮಾಡಿದೆ. ಮುಚ್ಚಿದ ಅಂಗಡಿಯ ಬಗ್ಗೆ ಯಾರು ಮಾತಾಡುತ್ತಾರೆ ಎಂದುಕೊಂಡಿದ್ದೆ. ಅವರೇ ಎಲ್ಲರಿಗಿಂತ ಬಿಚ್ಚುಮನಸ್ಸಿನಿಂದ ಮಾತಾಡಿದರು. ಅವರಲ್ಲಿ ಒಬ್ಬರು ಹೇಳಿದ ವಿಷಯ ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ. ಕಂಪನಿ ಮುಚ್ಚಲು ಎಸ್‌ಟಿಕೆ-2 ಎಂಬ ಅರ್ಜಿ ಹಾಕಬೇಕು, ಅದಕ್ಕೆ ಷೇರುದಾರರ ವಿಶೇಷ ನಿರ್ಣಯವೋ ಮುಕ್ಕಾಲು ಪಾಲು ಬಂಡವಾಳದವರ ಒಪ್ಪಿಗೆಯೋ ಬೇಕು. ಕಾನೂನಿನ ಲೆಕ್ಕದಲ್ಲಿ 8 ಪರ್ಸೆಂಟಿನವರು ಇಲ್ಲಿ ಅಡ್ಡ ಬರುವ ಹಾಗಿಲ್ಲ. ಆದರೆ ಅವರ ಷೇರುದಾರರ ಒಪ್ಪಂದದಲ್ಲಿ ಕಂಪನಿ ಮುಚ್ಚುವುದಕ್ಕೂ ಅಕ್ಸೆಲರೇಟರಿನ ಲಿಖಿತ ಒಪ್ಪಿಗೆ ಬೇಕೆಂದು ಬರೆದಿತ್ತಂತೆ. ಆ ಒಂದು ಸಹಿಗಾಗಿ ತಿಂಗಳುಗಟ್ಟಲೆ ಅಲೆದರು; ಅಷ್ಟೂ ಕಾಲ ಆಡಿಟು, ರಿಟರ್ನು, ತಡವಾದದ್ದಕ್ಕೆ ದಂಡ ಎಲ್ಲ ಜೇಬಿನಿಂದ. "ಒಳಗೆ ಹೋಗೋ ಬಾಗಿಲು ಎಲ್ಲರೂ ನೋಡ್ತಾರೆ, ನೀವು ಹೊರಗೆ ಬರೋದನ್ನೂ ನೋಡ್ಕೊಳ್ಳಿ ಸರ್" ಎಂದರು.

ವೈಸಿಯ ಪ್ರಶ್ನೆಗೆ ಉತ್ತರ ಹೇಳಲೇಬೇಕು, ಯಾಕೆಂದರೆ ಆಕರ್ಷಣೆ ಸುಳ್ಳಲ್ಲ. ಬೆಂಗಳೂರಿನ ರೇಜರ್‌ಪೇ, ಮೀಶೋ, ಗ್ರೋ ಮೂರೂ ಅಲ್ಲಿಂದ ಬಂದವು. 2022ರಿಂದ ಅವರ ಕೊಡುಗೆ 5 ಲಕ್ಷ ಡಾಲರು. ಅದರಲ್ಲಿ 1.25 ಲಕ್ಷ ಡಾಲರಿಗೆ 7 ಪರ್ಸೆಂಟ್. ಉಳಿದ 3.75 ಲಕ್ಷ ಸೇಫ್ ಎಂಬ ಕರಾರಿನ ಮೇಲೆ, ಮುಂದೆ ಬೇರೆ ಹೂಡಿಕೆದಾರರಿಗೆ ನೀವು ಕೊಡುವ ಅತ್ಯುತ್ತಮ ಷರತ್ತೇ ಇದಕ್ಕೂ ಅನ್ವಯ. ಮುಂದಿನವರು ಕಂಪನಿಯ ಬೆಲೆಗೆ ಒಂದು ಕೋಟಿ ಡಾಲರಿನ ಮಿತಿ ಹಾಕಿದರೆ ಆ ಭಾಗಕ್ಕೆ ಇನ್ನೂ 3.75 ಪರ್ಸೆಂಟ್ ಹೋಗುತ್ತದೆ, ಒಟ್ಟು 10.75. ಆ ಹೆಸರಿಗೆ, ಆ ಬಳಗಕ್ಕೆ ಇಷ್ಟು ಕೊಡಬಹುದು ಎನ್ನುವವರ ಮಾತನ್ನು ನಾನು ತೆಗೆದುಹಾಕುವುದಿಲ್ಲ. ನಮಗೆ ಅಡ್ಡಿಯಾದದ್ದು ಬೇರೆ. ಅವರು ಹೂಡುವುದು ಅಮೆರಿಕ, ಸಿಂಗಪುರ, ಕೇಮನ್ ದ್ವೀಪದಂಥ ಕಡೆ ನೋಂದಾಯಿತ ಕಂಪನಿಯಲ್ಲಿ. ಭಾರತದ ಕಂಪನಿಯಾದರೆ ಹೊರಗೊಂದು ತಾಯಿ ಕಂಪನಿ ಮಾಡಿ ಇಲ್ಲಿಯದನ್ನು ಅದರ ಮಗುವಾಗಿಸಬೇಕು. ಸ್ಟಾರ್ಟಪ್ ಮಂದಿ ಇದಕ್ಕೆ ಫ್ಲಿಪ್ ಎನ್ನುತ್ತಾರೆ. ಗಿರಾಕಿ ಹೊರದೇಶದಲ್ಲಿದ್ದರೆ ಇದು ಸಲೀಸು. ಶಿರಸಿ, ಸಾಗರ, ಚನ್ನಗಿರಿಯ ವಕಾರಿಗೆ ಯಂತ್ರ ಮಾರುವವರಿಗೆ ಡೆಲವೇರ್‌ನಲ್ಲಿ ತಾಯಿ ಯಾಕೆ? ಹಾಗೆ ಹೊರಗೆ ಹೋದ ದೊಡ್ಡವರೇ ಈಗ ತಿರುಗಿ ಬರುತ್ತಿದ್ದಾರೆ. ಗ್ರೋ 2024ರಲ್ಲಿ ಅಮೆರಿಕದಿಂದ ಮರಳಿತು. 2022ರಲ್ಲಿ ಫೋನ್‌ಪೇ ಸಿಂಗಪುರದಿಂದ ಬಂದಾಗ ಅದರ ಹೂಡಿಕೆದಾರರು ಕಟ್ಟಿದ ತೆರಿಗೆ ಸುಮಾರು 8,000 ಕೋಟಿ ರೂಪಾಯಿ ಎಂದು ಕಂಪನಿಯ ಮುಖ್ಯಸ್ಥರೇ ಹೇಳಿದ್ದರು. ನಮ್ಮದು ಆ ಮಟ್ಟದ ಸಮಸ್ಯೆಯಾಗಲಿ ಎಂದು ಹಾರೈಸುವ ಗೆಳೆಯರಿದ್ದಾರೆ, ಅವರಿಗೆ ನಮಸ್ಕಾರ.

ಫ್ಲಿಪ್ ಮಾಡಿದರೆ ಇನ್ನೊಂದು ಬಾಗಿಲೂ ಮುಚ್ಚುತ್ತಿತ್ತು. ಕೇಂದ್ರ ಸರ್ಕಾರ 2021ರಲ್ಲಿ 945 ಕೋಟಿ ರೂಪಾಯಿಯ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ ಯೋಜನೆ ತಂದಿತು. ಮಾದರಿ ಯಂತ್ರ, ಪರೀಕ್ಷೆಗಳಿಗೆ 20 ಲಕ್ಷದ ತನಕ ಅನುದಾನ, ಮಾರುಕಟ್ಟೆಗೆ ಇಳಿಯಲು 50 ಲಕ್ಷದ ತನಕ ಸಾಲ ಅಥವಾ ಷೇರಾಗಿ ಬದಲಾಗುವ ಡಿಬೆಂಚರು. ದುಡ್ಡು ಬರುತ್ತಿದ್ದದ್ದು ಮಾನ್ಯತೆ ಪಡೆದ ಇನ್‌ಕ್ಯುಬೇಟರುಗಳ ಮೂಲಕ. ಅರ್ಜಿಯ ಹೊತ್ತಿಗೆ ಕಂಪನಿಗೆ ಎರಡು ವರ್ಷ ದಾಟಿರಬಾರದು, ಕನಿಷ್ಠ 51 ಪರ್ಸೆಂಟ್ ಷೇರು ಭಾರತೀಯ ಪ್ರವರ್ತಕರ ಕೈಯಲ್ಲಿರಬೇಕು ಎಂಬುದು ಷರತ್ತಾಗಿತ್ತು. ಅಷ್ಟೇ ಮುಖ್ಯವಾದ ಇನ್ನೊಂದು ಷರತ್ತು, ಬೇರೆ ಯಾವುದೇ ಕೇಂದ್ರ ಅಥವಾ ರಾಜ್ಯ ಯೋಜನೆಯಿಂದ 10 ಲಕ್ಷಕ್ಕಿಂತ ಹೆಚ್ಚು ಹಣ ಪಡೆದಿರಬಾರದು. ಈ ಸಾಲನ್ನು ಓದದೆ ಮುಂದೆ ಹೋದವರನ್ನು ಕಂಡಿದ್ದೇನೆ. ನಮ್ಮ ರಾಜ್ಯದ ಎಲಿವೇಟ್ ಅನುದಾನ 50 ಲಕ್ಷದ ತನಕ ಸಿಗಬಹುದು, ಪಾಲು ಕೇಳುವುದಿಲ್ಲ, ಒಳ್ಳೆಯ ಯೋಜನೆ. ಆದರೆ ಅದನ್ನು ಮೊದಲು ಪಡೆದರೆ ಕೇಂದ್ರದ್ದು ಕೈತಪ್ಪುತ್ತಿತ್ತು. ಕೇಂದ್ರದ್ದಕ್ಕೆ ವಯಸ್ಸಿನ ಮಿತಿ ಎರಡೇ ವರ್ಷವಾದ್ದರಿಂದ ನಾವು ಅದನ್ನು ಮೊದಲು ಇಟ್ಟುಕೊಂಡೆವು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕೇಂದ್ರದ ಆರ್‌ಕೆವಿವೈ ರಫ್ತಾರ್ ಯೋಜನೆಯ ಐದು ಜ್ಞಾನ ಪಾಲುದಾರ ಸಂಸ್ಥೆಗಳಲ್ಲಿ ಒಂದು. ಅಲ್ಲಿಯೂ ಕೃಷಿ ಸ್ಟಾರ್ಟಪ್‌ಗಳಿಗೆ 25 ಲಕ್ಷದ ತನಕ ನೆರವಿದೆ. ಯಾವುದು ಯಾವುದರ ಹಿಂದೆ ಎಂಬ ಸರದಿಯನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆವು.

ಕೃಷಿ ಉದ್ಯಮದ ಅಕ್ಸೆಲರೇಟರನ್ನು ಬಿಡಲು ಹೆಚ್ಚು ಯೋಚಿಸಬೇಕಾಗಲಿಲ್ಲ. ಪೈಲಟ್ ನಡೆಯುವಾಗ ಯಂತ್ರದಲ್ಲಿ ಮಾಡಿದ ಸುಧಾರಣೆಗಳೂ ತೆಗೆದ ಚಿತ್ರಗಳೂ ತಮಗೆ ಸೇರಿದ್ದು ಎಂದು ಅವರ ಕರಾರು ಹೇಳುತ್ತಿತ್ತು. ನಮ್ಮ ಕ್ಯಾಮೆರಾ ಕಲಿತದ್ದೆಲ್ಲ ಆ ಚಿತ್ರಗಳಿಂದಲೇ. ಅದನ್ನು ಕೊಟ್ಟ ಮೇಲೆ ನಮ್ಮ ಹತ್ತಿರ ಉಳಿಯುವುದು ಬೆಲ್ಟು.

ಮೆಂಟರುಗಳ ಬಗ್ಗೆ ಒಂದು ಮಾತು. ಬೆಂಗಳೂರಿನವರು ಆಯ್ಕೆಗೆ ಮೊದಲು ನಮ್ಮನ್ನು ತಮ್ಮ ಮೆಂಟರುಗಳ ಜೊತೆ ಒಂದು ದಿನ ಕೂರಿಸಿದ್ದರು. ಒಬ್ಬೊಬ್ಬರಿಗೆ ಇಪ್ಪತ್ತೇ ನಿಮಿಷ. ಒಬ್ಬರು ಯಂತ್ರ ಬಿಟ್ಟು ಸಾಫ್ಟ್‌ವೇರ್ ಮಾತ್ರ ಮಾರಿ ಎಂದರು. ಮುಂದಿನವರು ಅಡಿಕೆ ಬಿಟ್ಟು ಗೋಡಂಬಿಗೆ ಹೋಗಿ, ರಫ್ತು ಇದೆ ಎಂದರು. ಮೂರನೆಯವರು ಯಂತ್ರ ಮಾರಬೇಡಿ, ಕ್ವಿಂಟಲಿಗೆ ಇಷ್ಟು ಎಂದು ಬಾಡಿಗೆಗೆ ಓಡಿಸಿ ಎಂದರು. ಅದು ಒಳ್ಳೆಯ ಯೋಚನೆ, ಈಗ ಹಾಗೇ ಮಾಡುತ್ತಿದ್ದೇವೆ. ಅಡಿಕೆ ವಿವಾದದ ಬೆಳೆಯಲ್ಲವೇ, ನಾಳೆ ನಿಷೇಧವಾದರೆ ಎಂದು ಕೇಳಿದವರೂ ಇದ್ದರು. ಆ ಪ್ರಶ್ನೆಯನ್ನು ನನ್ನ ಅಮ್ಮನೂ ಕೇಳುತ್ತಾಳೆ, ಹಾಗಾಗಿ ಉತ್ತರ ತಯಾರಿತ್ತು. ಎಲ್ಲರೂ ಜಾಣರು. ಆದರೆ ಅವರಲ್ಲಿ ಯಾರೂ ಒಬ್ಬ ವ್ಯಾಪಾರಿಗೆ ಯಂತ್ರ ಮಾರಿ, ಅದು ಕೆಟ್ಟು ನಿಂತಾಗ ಬೈಗುಳ ಕೇಳಿದವರಿರಲಿಲ್ಲ. ಹುಬ್ಬಳ್ಳಿಯ ಇನ್‌ಕ್ಯುಬೇಟರಿನಲ್ಲಿ ಹೊಳೆಯುವ ಹೆಸರಿನ ಮೆಂಟರುಗಳು ಇರಲಿಲ್ಲ. ಅಲ್ಲಿ ಸಿಕ್ಕವರಲ್ಲಿ ಒಬ್ಬರು ನಿವೃತ್ತರು. ಉತ್ತರ ಕರ್ನಾಟಕದ ಹತ್ತಿ ಮಿಲ್ಲುಗಳಿಗೂ ಮೆಣಸಿನಕಾಯಿ ವ್ಯಾಪಾರಿಗಳಿಗೂ ಯಂತ್ರ ಕೊಟ್ಟು ಬಿಲ್ಲು ವಸೂಲು ಮಾಡಿದವರು. "ಅಡ್ವಾನ್ಸ್ ಇಲ್ಲದ ಗಾಡಿ ಹತ್ತಸಬ್ಯಾಡ್ರಿ" ಎಂಬುದು ಅವರ ಮೊದಲ ಪಾಠ. ನಮ್ಮ ಅದೃಷ್ಟಕ್ಕೆ ಅವರು ಹೇಳಿದ ದಿನವೇ ಅದನ್ನು ಪಾಲಿಸಿದೆವು.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಬೆಂಗಳೂರಿನ ಟರ್ಮ್ ಶೀಟ್ ಮೇಜಿನ ಮೇಲೇ ಇತ್ತು. ಫೀ ಕಲಮು ನುಂಗಿಕೊಂಡರೂ ಅಲ್ಲಿನ ಬಳಗ ಸಣ್ಣದಲ್ಲ. ಹೂಡಿಕೆದಾರರು ಎದ್ದು ಕೂರುವ ಹೆಸರು. ಕಾರ್ಯಕ್ರಮ ಜನವರಿಯಿಂದ ಮಾರ್ಚ್ ಕೊನೆಯ ತನಕ. ಇಬ್ಬರೂ ಸ್ಥಾಪಕರು ವಾರಕ್ಕೆ ಮೂರು ದಿನ ಬೆಂಗಳೂರಿನಲ್ಲಿ ಇರಲೇಬೇಕು. ಶಿರಸಿಯಿಂದ ರಾತ್ರಿ ಬಸ್ಸಿನಲ್ಲಿ ಹೋಗಿಬರುವುದನ್ನು ಸೇರಿಸಿದರೆ ವಾರದಲ್ಲಿ ಉಳಿಯುವುದು ಎರಡು ದಿನ, ಅದೂ ನಿದ್ದೆಗಣ್ಣಿನದು. ಒಬ್ಬರು ಬಂದರೆ ಸಾಕೇ ಎಂದು ಕೇಳಿದೆವು, ಸಾಲದು ಎಂದರು. ಅವರ ದೃಷ್ಟಿಯಿಂದ ಅದು ಸರಿ. ಅವರು ದುಡ್ಡು ಹಾಕುವುದು ಜನರ ಮೇಲೆ, ಜನ ಕಣ್ಣೆದುರು ಇರಬೇಕು.

ಆ ಡಿಸೆಂಬರಿನಲ್ಲಿ ಯಂತ್ರದ ಹೊಸ ಮಾದರಿಯನ್ನು ಪೇಟೆಯ ಒಂದು ವಕಾರಿಯಲ್ಲಿ ಇಡಲು ಮಾತಾಗಿತ್ತು. ಕಾರ್ಯಕ್ರಮದ ವಿಷಯ ಹೇಳಿ, ಮಾರ್ಚ್ ನಂತರ ಇಟ್ಟರೆ ಆಗಬಹುದೇ ಎಂದು ಯಜಮಾನರನ್ನು ಕೇಳಿದೆ. "ತಮಾ, ಮಷೀನು ಚೊಲೋ ಇದ್ದು. ರಾಶಿ ಎಲ್ಲ ಹೋದ್ಮೇಲೆ ತಂದ್ರೆ ಎಂತ ಮಾಡ್ಲಿ?" ಎಂದರು. ಅವರ ಮಾತಿನಲ್ಲಿ ಬೇಸರವೂ ಇರಲಿಲ್ಲ, ಒತ್ತಾಯವೂ ಇರಲಿಲ್ಲ. ನಾನು ಅಲ್ಲೇ ನಿಂತು ಕೋ-ಫೌಂಡರ್‌ಗೆ ಫೋನ್ ಮಾಡಿದೆ. ಆಕೆ ಆಗಲೇ ಇದೇ ತೀರ್ಮಾನಕ್ಕೆ ಬಂದಿದ್ದಳು, ನಾನು ಬರಲಿ ಎಂದು ಕಾಯುತ್ತಿದ್ದಳು.

ಇನ್‌ಕ್ಯುಬೇಟರಿಗೆ ಹೋದೆವು. ಅಲ್ಲಿ ಸುಖವೇ ಸುಖ ಎಂದರೆ ನಂಬಬೇಡಿ. ಅನುದಾನ ಒಟ್ಟಿಗೆ ಬರುವುದಿಲ್ಲ, ಹೇಳಿದ ಮೈಲಿಗಲ್ಲು ಮುಟ್ಟಿದ ಮೇಲೆ ಕಂತಿನಲ್ಲಿ ಬರುತ್ತದೆ. ಕ್ಯಾಮೆರಾ ಕೊಳ್ಳಲು ಮೂರು ಕಡೆಯ ಕೊಟೇಶನ್, ಖರ್ಚಾದ ಮೇಲೆ ಸಿಎ ಸಹಿಯ ಬಳಕೆ ಪ್ರಮಾಣಪತ್ರ, ಆಮೇಲೆ ಸಮಿತಿಯ ಸಭೆ. ಸಭೆಯ ಕೋರಂ ಆಗದೆ ಮುಂದೆ ಹೋದದ್ದೂ ಇದೆ. ಇದರ ನಡುವೆ ಸಂಬಳ ಕೊಡಲು ಕೈಯಲ್ಲಿ ಬೇರೆ ದುಡ್ಡು ಇಟ್ಟುಕೊಂಡಿರಲೇಬೇಕು, ಇಲ್ಲದವರು ಈ ದಾರಿಗೆ ಬರಬಾರದು. ನಮ್ಮಲ್ಲಿ ಆಕೆಯ ಉಳಿತಾಯವೂ ನಮ್ಮ ಮನೆಯ ಅಡಿಕೆಯೂ ಇತ್ತು. ಪ್ರತಿಯಾಗಿ ಸಿಕ್ಕಿದ್ದು ಲೇಸರ್ ಕಟಿಂಗ್, ಸಿಎನ್‌ಸಿ ಇರುವ ವರ್ಕ್‌ಶಾಪು, ಅದೂ ಮಧ್ಯಾಹ್ನ ಶಿರಸಿಯಲ್ಲಿ ಮುರಿದದ್ದನ್ನು ಮರುದಿನ ಸಂಜೆಯೊಳಗೆ ಹೊಸದಾಗಿ ಕೊರೆದು ತರಬಹುದಾದ ದೂರದಲ್ಲಿ. ಆ ಸುಗ್ಗಿಯಲ್ಲಿ ನಳಿಕೆಗಳನ್ನು ನಾವು ಎಷ್ಟು ಸಲ ಬದಲಿಸಿದೆವೋ ಲೆಕ್ಕವಿಟ್ಟಿಲ್ಲ. ಮೇ ಹೊತ್ತಿಗೆ ಯಂತ್ರ ಬಿಳೆಗೋಟನ್ನೂ ಚಾಲಿಯನ್ನೂ ಯಜಮಾನರ ಮನಸ್ಸಿಗೆ ಒಪ್ಪುವಷ್ಟು ಬೇರ್ಪಡಿಸುತ್ತಿತ್ತು. ಕೋಕಾದಲ್ಲಿ ಇನ್ನೂ ತಕರಾರಿದೆ.

ಕಳೆದುಕೊಂಡದ್ದೂ ಇದೆ. ನಮಗೆ ಬೆಂಗಳೂರಿನಲ್ಲಿ ಹೂಡಿಕೆದಾರರ ಪರಿಚಯ ಇಲ್ಲ. ಈಗ ಏಂಜೆಲ್ ಹೂಡಿಕೆಗೆ ಹೊರಟಾಗ ಪ್ರತಿ ಬಾಗಿಲನ್ನೂ ನಾವೇ ತಟ್ಟಬೇಕಾಗಿದೆ, "ಯಾವ ಅಕ್ಸೆಲರೇಟರ್?" ಎಂಬ ಪ್ರಶ್ನೆಗೆ ಊರಿನ ಹೆಸರು ಹೇಳಿದರೆ ಫೋನಿನ ಆ ಕಡೆ ಒಂದು ಗಳಿಗೆ ಮೌನ. ನನ್ನ ಕಾಲೇಜಿನ ಗೆಳೆಯನೊಬ್ಬ ಚಿಕ್ಕ ಕ್ಲಿನಿಕ್ಕುಗಳ ಲೆಕ್ಕಪತ್ರಕ್ಕೆ ಸಾಫ್ಟ್‌ವೇರ್ ಮಾಡುತ್ತಾನೆ. ಅವನಿಗೆ ಇಂಥದೇ ಮೂರು ತಿಂಗಳ ಕಾರ್ಯಕ್ರಮ ಸಿಕ್ಕಿತು, ಹೆಚ್ಚು ಯೋಚಿಸದೆ ಹೋದ, ಒಳ್ಳೆಯದಾಯಿತು. ಅವನ ಗಿರಾಕಿಗಳು ಬೆಂಗಳೂರಿನಲ್ಲೇ ಇದ್ದರು, ಬ್ಯಾಚಿನಲ್ಲಿ ಜೊತೆಗಿದ್ದ ಒಬ್ಬರು ಅವನ ಮೊದಲ ದೊಡ್ಡ ಆಸ್ಪತ್ರೆಯ ಬಾಗಿಲು ತೆರೆದರು, ಕೊಟ್ಟ ಪಾಲು ಅವನಿಗೆ ಭಾರವೇ ಅನ್ನಿಸಿಲ್ಲ. ನನ್ನ ಲೆಕ್ಕವನ್ನು ಅವನಿಗೆ ಹೇಳಿದ್ದರೆ ನಕ್ಕುಬಿಡುತ್ತಿದ್ದ, ನಗಬೇಕಾದದ್ದೇ.

ಬೆಂಗಳೂರಿನವರಿಗೆ ಬೇಡ ಎಂದು ಬರೆಯುವಾಗ ಕಾರಣವನ್ನು ಮುಚ್ಚಿಡಲಿಲ್ಲ. ವರ್ಷದ ಯಾವ ತಿಂಗಳಲ್ಲಿ ಯಾವ ಅಡಿಕೆ ಎಲ್ಲಿರುತ್ತದೆ ಎಂದು ಒಂದು ಪುಟದ ಕೋಷ್ಟಕ ಮಾಡಿ ಜೊತೆಗೆ ಕಳಿಸಿದೆವು. ಬೇರೆ ಏನೂ ಪ್ರತಿಕ್ರಿಯೆ ಬಾರದಿದ್ದರೂ, ತಮ್ಮದು ಜೂನ್‌ನಲ್ಲೂ ಒಂದು ಬ್ಯಾಚು ಶುರುವಾಗುತ್ತದೆ ಎಂದು ಉತ್ತರ ಬಂತು. ಜೂನ್, ಜುಲೈ, ಆಗಸ್ಟ್ ನಮ್ಮ ಯಂತ್ರಕ್ಕೆ ಕೆಲಸ ಕಡಿಮೆ. ವಾರಕ್ಕೆ ಮೂರು ದಿನ ಏನು, ಐದು ದಿನವೂ ಇರಬಹುದು. ಒಂದು ಸುಗ್ಗಿಯ ಅಂಕಿಅಂಶ ಈಗ ಕೈಯಲ್ಲಿದೆ, ಹಾಗಾಗಿ ಬೆಲೆಯ ಮಾತನ್ನೂ ಹೊಸದಾಗಿ ಆಡಬಹುದು. ಈ ವರ್ಷ ಅರ್ಜಿ ಹಾಕಿದ್ದೇವೆ. ಫೀ ಕಲಮನ್ನು ತೆಗೆಯಿರಿ, 8ರ ಬದಲು 5 ಪರ್ಸೆಂಟ್ ಮಾಡಿ, ಕಂಪನಿ ಮುಚ್ಚುವ ಒಪ್ಪಿಗೆಗೆ ಮೂವತ್ತು ದಿನದ ಗಡುವು ಹಾಕಿ ಎಂದು ಮೂರು ಕೋರಿಕೆ ಬರೆದಿದ್ದೇವೆ. ಮೂರನೆಯದಕ್ಕೆ ಸರಿ ಎಂದಿದ್ದಾರೆ. ಉಳಿದೆರಡನ್ನು ಅವರ ಹೂಡಿಕೆ ಸಮಿತಿ ನೋಡುತ್ತಿದೆಯಂತೆ.